ನಾಲೆ ಏರಿಯ ಮೇಲೆ ಮಧ್ಯಾಹ್ನದ ಟ್ರಿಪ್ಪು

ಬಸ್ಸಿನಲ್ಲೇ ಅರ್ಧ ಆಯಸ್ಸು ಕಳೆದವನು ನಾನು. ಆದರೂ ಕಿಟಕಿಯ ಪಕ್ಕದಲ್ಲಿ ನೀರು ಕಂಡರೆ ಇವತ್ತಿಗೂ ನನಗಾಗುವುದಿಲ್ಲ. ಮೊನ್ನೆ ಮಗನ ಕಾರಿನಲ್ಲಿ ಪಾಂಡವಪುರದ ಕಡೆ ಹೋಗುವಾಗ ನಾಲೆ ಏರಿ ಬಂತು. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ರಾತ್ರಿ ಸರಿಯಾಗಿ ಮಲಗಿದ್ಯೇನೋ?" ಅಂತ ಕೇಳಿದೆ. ಅವನು ನಕ್ಕ. ಸೊಸೆಯೂ ನಕ್ಕಳು. ನಗಲಿ ಬಿಡಿ, ನಗುವವರಿಗೇನು. ಆ ರಸ್ತೆಯಲ್ಲಿ ನಾನು ಪಟ್ಟ ಪಾಡು ನನಗೆ ಗೊತ್ತು, ಆ ನಾಲೆಗೆ ಗೊತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕಂಡಕ್ಟರ್, ಇನ್ನೂ ಖಾಯಂ ಆಗಿರಲಿಲ್ಲ. ಪಾಂಡವಪುರದಲ್ಲಿ ಒಂದು ಕೋಣೆಯ ಮನೆ, ಹೆಂಡತಿ, ಕೈಗೂಸು. ನಮ್ಮ ಬಸ್ಸು ಬೆಳಗ್ಗೆ ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗಬೇಕು, ಅಲ್ಲಿಂದ ತಿರುಗಿ ಕೆ.ಆರ್. ಪೇಟೆ ಕಡೆಗೆ ಬರಬೇಕು. ಮಧ್ಯಾಹ್ನ ಬೂಕನಕೆರೆಯಿಂದಾಚೆ ಒಂದು ಹಳ್ಳಿಯಲ್ಲಿ ಊಟಕ್ಕೆ ಅಂತ ಅರ್ಧ ಗಂಟೆ ನಿಲ್ಲುತ್ತಿತ್ತು. ಆಮೇಲೆ ಮತ್ತೆ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣ, ಸಂಜೆಗೆ ವಾಪಸ್ಸು ಪಾಂಡವಪುರ. ಈ ಮಧ್ಯಾಹ್ನದ ಟ್ರಿಪ್ಪಿನಲ್ಲಿಯೇ ನಾಲೆ ಏರಿಯ ರಸ್ತೆ ಸಿಗುವುದು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ನೀರು. ಎದುರಿನಿಂದ ಕಬ್ಬಿನ ಗಾಡಿ ಬಂದರೆ ನಮ್ಮ ಬಸ್ಸಿನ ಎಡಗಾಲಿ ಮಣ್ಣಿಗಿಳಿಯಬೇಕು, ಅಷ್ಟು ಅಗಲ ಆ ರಸ್ತೆ.

ನನಗೆ ಜೋಡಿಯಾಗಿದ್ದ ಡ್ರೈವರು ನಾಗಮಂಗಲ ಸೀಮೆಯವರು, ನನಗಿಂತ ಬಹಳ ದೊಡ್ಡವರು. ನಾನು ಅಣ್ಣ ಅನ್ನುತ್ತಿದ್ದೆ. ಬೀಡಿ ಇಲ್ಲ, ಎಣ್ಣೆ ಇಲ್ಲ, ಇಸ್ಪೀಟಿಲ್ಲ. ಕೋಳಿಮರಿ ಅಡ್ಡ ಬಂದರೂ ನಿಲ್ಲಿಸಿ, ಅದು ದಾಟಿದ ಮೇಲೆ ಗಾಡಿ ಎತ್ತುವ ಮನುಷ್ಯ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ದಿನಾ ಪಾಸು ಹಿಡಿದು ನಮ್ಮ ಬೆಳಗಿನ ಬಸ್ಸಿನಲ್ಲೇ ಹೋಗುತ್ತಿದ್ದಳು. ಆ ಹುಡುಗಿ ಓದಿ ಬಿಳೀ ಬಟ್ಟೆ ಹಾಕಿಕೊಂಡು ಆಸ್ಪತ್ರೆಯಲ್ಲಿ ಓಡಾಡುವುದನ್ನು ನೋಡಿದರೆ ಸಾಕು, ಅವರಿಗೆ ಬೇರೆ ಮೋಕ್ಷ ಬೇಕಿರಲಿಲ್ಲ. ದಿನಕ್ಕೊಂದು ಸಲವಾದರೂ, "ಇನ್ನೊಂದೆರ್ಡು ವರ್ಸ ಕಣ್ಲಾ, ಆಮ್ಯಾಕೆ ನಮ್ಮನೇಲೂ ಒಬ್ಳು ಸಂಬ್ಳ ತರ್ತಾಳೆ" ಅನ್ನುತ್ತಿದ್ದರು.

ಆ ಎರಡು ವರ್ಷ ದಾಟುವುದೇ ಕಷ್ಟವಾಗಿತ್ತು. ಅಂಗಡಿಯವನ ಹತ್ತಿರ ಕಡಲೆಕಾಯಿ ಎಣ್ಣೆಯ ರೇಟು ಕೇಳಿದರೆ, "ಇವತ್ತಿಂದು ಏಳ್ಲಾ, ನಾಳೀದು ಏಳ್ಲಾ?" ಅಂತ ಗೇಲಿ ಮಾಡುತ್ತಿದ್ದ. ನಮ್ಮ ಮನೆಯ ಬೇಳೆಸಾರಿನಲ್ಲಿ ಬೇಳೆಯನ್ನು ಹುಡುಕಬೇಕಿತ್ತು. ಸೀಮೆಎಣ್ಣೆ, ಬಾಡಿಗೆ, ಮಗುವಿನ ಹಾಲು, ಒಂದಾದರೂ ಇಳಿದದ್ದು ಉಂಟೆ? ಸಂಬಳ ಪರಿಷ್ಕರಣೆ ಮಾತ್ರ ಇವತ್ತಾಗುತ್ತದೆ ನಾಳೆಯಾಗುತ್ತದೆ ಅಂತ ಡಿಪೋ ಗೋಡೆಯ ಮೇಲೆ ಚೀಟಿಯಾಗಿ ಅಂಟಿಕೊಂಡಿತ್ತು. ನಡುವೆ ಒಂದು ಸಲ ತುಟ್ಟಿಭತ್ಯೆ ಬಂತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದೇ ತಿಂಗಳು ಬಸ್ ಚಾರ್ಜೂ ಏರಿತು, ಜನರೆಲ್ಲ ನನ್ನ ಮೇಲೆ ಬಿದ್ದರು. "ನಮ್ ಜೇಬು ಕಿತ್ತು ನಿಮ್ ಸಂಬ್ಳ ಏರಿಸ್ಕತ್ತೀರಾ?" ಅಂತ ಒಬ್ಬ ಹಾಲಿನ ಕ್ಯಾನಿನವನು ದಿನಾ ಜಗಳ. ನನಗೂ ಸಿಟ್ಟು ನೆತ್ತಿಗೇರುತ್ತಿತ್ತು. "ಏರಿದ್ರೆ ನಿನ್ ಜೊತೆ ಯಾಕ್ ನೇತಾಡ್ತಿದ್ದೆ ಮಾರಾಯ, ಮುಂದಕ್ ನಡಿ" ಅನ್ನುತ್ತಿದ್ದೆ.

ಸಂಬಳ ಸಾಲದವರಿಗೆ ನಮ್ಮ ಡಿಪೋದಲ್ಲಿ ಒಂದು ದಾರಿ ಇತ್ತು. ವಾರದ ರಜೆಯ ದಿನವೂ ದುಡಿಯಬಹುದು, ಒಂದು ಡ್ಯೂಟಿ ಮುಗಿಸಿ ಇನ್ನೊಂದು ಹಿಡಿಯಬಹುದು. ಡ್ರೈವರುಗಳು ಕಮ್ಮಿ, ಬಸ್ಸು ಓಡಬೇಕು, ಹೀಗಾಗಿ ಬೇಡ ಅನ್ನುವವರು ಯಾರೂ ಇರಲಿಲ್ಲ. ಇದಕ್ಕೆ ನಾವು ರಜೆ ಮಾರುವುದು ಅನ್ನುತ್ತಿದ್ದೆವು. ಅಣ್ಣ ರಜೆಯನ್ನೆಲ್ಲ ಮಾರಿದರು. ಅದು ಸಾಲದೆ, ಸಂಜೆ ನಮ್ಮ ಬಸ್ಸನ್ನು ಪಾಂಡವಪುರದಲ್ಲಿ ಬಿಟ್ಟ ಮೇಲೆ, ಕೆ.ಆರ್. ಪೇಟೆಯ ಮೇಲೆ ನಾಗಮಂಗಲಕ್ಕೆ ಹೋಗುವ ಕಡೇ ಬಸ್ಸನ್ನೂ ಹತ್ತತೊಡಗಿದರು. ನಾಗಮಂಗಲದ ಸ್ಟ್ಯಾಂಡಿನಲ್ಲಿ ಬಸ್ಸೊಳಗೇ ಒಂದಿಷ್ಟು ಮೈ ಚಾಚಿ, ಬೆಳಗಿನ ಜಾವ ಅದೇ ಬಸ್ಸನ್ನು ತಂದು, ಮುಖ ತೊಳೆದು, ನಮ್ಮ ಬಸ್ಸಿನ ಸ್ಟೀರಿಂಗು ಹಿಡಿಯುತ್ತಿದ್ದರು. ಮನೆ ಇದ್ದದ್ದು ಪಾಂಡವಪುರದಲ್ಲೇ, ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ. ಅಲ್ಲಿಗೆ ಹೋಗಿ ಬರುವುದಕ್ಕೂ ಪುರುಸೊತ್ತಿರುತ್ತಿರಲಿಲ್ಲ.

ಮಧ್ಯಾಹ್ನ ಹಳ್ಳಿಯಲ್ಲಿ ಬಸ್ಸು ನಿಂತಾಗ ನಾನು ಹೆಂಡತಿ ಕಟ್ಟಿದ ಬುತ್ತಿ ಬಿಚ್ಚುತ್ತಿದ್ದೆ. ಅವರು ಒಂದು ಬನ್ನು, ಅರ್ಧ ಟೀ. ನನ್ನದರಲ್ಲಿ ಪಾಲು ಕೊಟ್ಟರೆ, "ಹಾಲೂಡ್ಸೋ ಎಂಗ್ಸು ಕಟ್ಟಿದ್ ಬುತ್ತಿ, ನೀನೇ ಉಣ್ಣು" ಅಂತ ತಳ್ಳಿಬಿಡುವರು. ಇದನ್ನು ನೋಡಿದವಳು ಸೊಪ್ಪಿನ ಅಜ್ಜಿ. ಆ ಊರಿನಿಂದ ಶ್ರೀರಂಗಪಟ್ಟಣಕ್ಕೆ ದಿನಾ ಸೊಪ್ಪಿನ ಕುಕ್ಕೆ ಹೊತ್ತುಕೊಂಡು ಬರುವ ಮುದುಕಿ, ಬಾಯಿ ಮಾತ್ರ ಊರಗಲ. ಒಂದು ದಿನ ನೇರವಾಗಿ ಕೇಳಿಯೇಬಿಟ್ಟಳು.

"ಏನಪ್ಪ ಡ್ರೈವರಪ್ಪ, ದಿನಾ ಬನ್ನೇ ಮುಕ್ತೀಯಲ್ಲ, ಮನೇಲಿ ಎಂಡ್ರು ಬುತ್ತಿ ಕಟ್ಟಕಿಲ್ವಾ?"

"ಕಟ್ತಾಳೆ ಕಣವ್ವ. ನಾನ್ ಮನೆಗ್ ಓದ್ರೆ ತಾನೆ."

ಅಜ್ಜಿ ಇದನ್ನು ಊರಿಗೆಲ್ಲ ಹೇಳಿದಳು. ನಮ್ಮ ಕಡೆಯ ಜನ ಬಸ್ ಚಾರ್ಜಿಗೆ ಎಂಟಾಣೆಗೂ ಕುತ್ತಿಗೆ ಪಟ್ಟಿ ಹಿಡಿದಾರು, ಹಸಿದವನನ್ನು ಮಾತ್ರ ಸುಮ್ಮನೆ ನೋಡಿಕೊಂಡಿರಲಾರರು. ಊರ ಹೆಂಗಸರು ಸರದಿ ಹಾಕಿಕೊಂಡರು. ದಿನಕ್ಕೊಂದು ಮನೆಯಿಂದ ಬಿಸಿ ಬಿಸಿ ಮುದ್ದೆ, ಉಪ್ಸಾರು, ಹುರುಳಿಕಾಳಿನ ಬಸ್ಸಾರು, ದೊಡ್ಡ ಚೊಂಬಿನಲ್ಲಿ ಮಜ್ಜಿಗೆ. ಅಣ್ಣ ಮೊದಲ ದಿನ ಬೇಡ ಅಂದರು. "ನಾವಿಕ್ಕಿದ್ ಅನ್ನಾನ ಬ್ಯಾಡ ಅಂತೀಯಾ?" ಅಂತ ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. ಅಂಥ ಮಾತಿಗೆ ಎದುರು ಮಾತಾಡುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅರಳಿಕಟ್ಟೆಯ ಮೇಲೆ ಕೂತು ಅವರು ಮುದ್ದೆ ಮುರಿಯುವುದನ್ನು ನೋಡಿ ನನಗೂ ಹೊಟ್ಟೆ ತಣ್ಣಗಾಯಿತು. ಕಡೇ ತುತ್ತು ನುಂಗಿ ಕಣ್ಣು ಒರೆಸಿಕೊಂಡರು. ಖಾರಕ್ಕೆ ಅಂತ ಹೇಳಿದರು.

ಆ ವಾರದಲ್ಲೇ ಇರಬೇಕು. ಬಸ್ಸು ನಾಲೆ ಏರಿ ಹತ್ತಿತ್ತು. ನಾನು ನಡುವಿನ ಸಾಲಿನಲ್ಲಿ ನಿಂತು ಚಿಲ್ಲರೆ ಕೊಡುತ್ತಿದ್ದೆ. ಬಟ್ಟೆ ಒಗೆಯುವ ಹೆಂಗಸರು ಕೂರುವ ಮೆಟ್ಟಿಲಿನ ಹತ್ತಿರ ಅಣ್ಣ ಯಾವಾಗಲೂ ಎರಡು ಸಲ ಹಾರನ್ ಹೊಡೆಯುವರು. ಅವತ್ತು ಹಾರನ್ ಕೇಳಲಿಲ್ಲ. ಯಾಕೋ ಅಂತ ತಲೆ ಎತ್ತಿ ಮುಂದಿನ ಕನ್ನಡಿ ನೋಡಿದೆ. ಅವರ ಕಣ್ಣು ತೆರೆದೇ ಇತ್ತು. ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ಬಸ್ಸು ಮೆಲ್ಲಗೆ, ಬಹಳ ಮೆಲ್ಲಗೆ ನೀರಿನ ಕಡೆ ವಾಲುತ್ತಿತ್ತು.

ಬಾಯಲ್ಲಿದ್ದ ವಿಷಲನ್ನು ಊದಿದೆನೋ ಕಚ್ಚಿದೆನೋ ತಿಳಿಯದು. ಒಂದು ಸದ್ದು ಬಂತು. ಅಣ್ಣ ಬೆಚ್ಚಿಬಿದ್ದು ಸ್ಟೀರಿಂಗು ಎಳೆದರು, ಬಸ್ಸು ರಸ್ತೆಗೆ ಬಂತು. "ಯಾರ್ ಇಳೀಬೇಕ್ಲಾ?" ಅಂತ ಕೂಗಿದರು. ಯಾರೂ ಇಳಿಯುವವರಿರಲಿಲ್ಲ. ಜನ ಅವರ ಪಾಡಿಗೆ ಮಾತಾಡುತ್ತಾ ಕಡಲೆಕಾಯಿ ತಿನ್ನುತ್ತಾ ಇದ್ದರು. ಒಂದು ತಾಯಿ ಮಗುವಿನ ಮೂಗು ಒರೆಸುತ್ತಿದ್ದಳು. ನನ್ನ ಕೈಯಲ್ಲಿದ್ದ ಚಿಲ್ಲರೆ ಎಲ್ಲಾ ಕೆಳಗೆ ಬಿದ್ದಿತ್ತು. ಆರಿಸುವ ನೆಪದಲ್ಲಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಅವತ್ತಿನಿಂದ ನನಗೆ ಹಿಡಿದ ಭಯಕ್ಕೆ ಮದ್ದಿರಲಿಲ್ಲ. ಹಳ್ಳಿಯಲ್ಲಿ ಅವರು ಮೊದಲ ತುತ್ತು ಬಾಯಿಗಿಟ್ಟರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಹಸಿವು ಅವರನ್ನು ಎಬ್ಬಿಸಿ ಕೂರಿಸಿತ್ತು, ಹೊಟ್ಟೆ ತುಂಬಿದ್ದೇ ರಾತ್ರಿಗಳ ನಿದ್ದೆಯೆಲ್ಲ ಒಟ್ಟಿಗೆ ಬಂದು ಮೇಲೆ ಕೂರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಹಸಿಮೆಣಸಿನಕಾಯಿ ಕಚ್ಚುವರು, ಒದ್ದೆ ಟವೆಲ್ಲು ತಲೆಗೆ ಸುತ್ತುವರು. ನಾನು ಹೋಗಿ ಬಾನೆಟ್ಟಿನ ಮೇಲೆ, ಆ ಸುಡುವ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು ಮಾತಾಡುತ್ತಿದ್ದೆ. ಏನು ಮಾತು ಅಂತೀರಿ, ಬಾಯಿಗೆ ಬಂದದ್ದು. ಹೇಮಗಿರಿಯಲ್ಲಿ ಎತ್ತು ಕೊಂಡು ಮೋಸಹೋದ ನನ್ನ ಮಾವನ ಕಥೆಯನ್ನು ಎಷ್ಟು ಸಲ ಹೇಳಿದೆನೋ. "ಆ ಎತ್ತು ಇನ್ನೂ ಸತ್ತಿಲ್ವೇನ್ಲಾ?" ಅಂತ ಒಂದು ದಿನ ಬೇಸತ್ತು ಕೇಳಿದರು.

ಆದರೆ ನಾನು ಮುಂದೆ ಕೂತರೆ ಹಿಂದೆ ಟಿಕೆಟ್ ಕೊಡುವವರಾರು? ದಾರಿಯಲ್ಲಿ ಎಲ್ಲಿ ಬೇಕಾದರೂ ಚೆಕಿಂಗ್‌ನವರ ಜೀಪು ಅಡ್ಡ ನಿಲ್ಲಬಹುದು. ಟಿಕೆಟ್ಟಿಲ್ಲದವನು ಒಬ್ಬ ಸಿಕ್ಕಿದರೂ ಮೆಮೊ. ಖಾಯಂ ಆಗದವನಿಗೆ ಮೆಮೊ ಅಂದರೆ ಮನೆಗೆ ದಾರಿ. ಹಿಂದೆ ನಿಂತರೆ ನಾಲೆ, ಮುಂದೆ ಕೂತರೆ ಜೀಪು. ಡಿಪೋದಲ್ಲಿ ಹೇಳೋಣ ಅಂದರೆ ನಿದ್ದೆ ಮಾಡುವ ಡ್ರೈವರು ಅಂತ ಅವರ ಕೆಲಸ ಹೋಗುತ್ತದೆ, ಆ ಹುಡುಗಿಯ ಓದೂ ಹೋಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ನನ್ನ ಗತಿ. ರಾತ್ರಿ ಮಗು ಅತ್ತರೆ ಬಸ್ಸಿನಲ್ಲಿ ಜನ ಕಿರುಚಿದಂತೆ ಕೇಳಿ ಎದ್ದು ಕೂರುತ್ತಿದ್ದೆ. ಹೆಂಡತಿಗೆ ಹೇಳಿದೆ. ಅವಳು ಮಗುವನ್ನು ತಟ್ಟಿ ಮಲಗಿಸುತ್ತಾ, "ನೀವು ಮಾತ್ರ ರಜೆ ಮಾರಬೇಡಿ. ಗಂಜಿ ಕುಡಿಯೋಣ" ಅಂದಳು.

ಅಣ್ಣನಿಗೂ ಹೇಳಿ ನೋಡಿದೆ. "ನಾಗಮಂಗಲದ ಬಸ್ಸು ಬುಟ್ಬುಡಿ ಅಣ್ಣ, ನಂಗೆ ಜೀವ ನಿಲ್ತಿಲ್ಲ."

"ಈ ಸಲದ ಪೀಜು ಕಟ್ಟಿದ್ ಮ್ಯಾಲೆ ಬುಡ್ತೀನಿ ಕಣ್ಲಾ. ಎದ್ರುಕೋಬ್ಯಾಡ."

ಆ ಸಲದ ಫೀಜು ಕಟ್ಟಿದರು. ಅದರ ಹಿಂದೆಯೇ ಪುಸ್ತಕ, ಸಮವಸ್ತ್ರ, ಪರೀಕ್ಷೆ ಅಂತ ಇನ್ನೊಂದು ಬಂತು. ಬಿಡಲಿಲ್ಲ.

ಕೊನೆಗೆ ಮುದ್ದೆಯನ್ನಾದರೂ ನಿಲ್ಲಿಸೋಣ ಅಂತ ನಾನೇ ಒಂದು ಉಪಾಯ ಮಾಡಿದೆ. ಅಜ್ಜಿಯನ್ನು ಪಕ್ಕಕ್ಕೆ ಕರೆದು, "ಅಜ್ಜಿ, ಡ್ರೈವರಣ್ಣಂಗೆ ಸಕ್ಕರೆ ಕಾಯ್ಲೆ ಅಂತೆ. ಡಾಕ್ಟ್ರು ಮಧ್ಯಾನ ಒಟ್ಟೆ ತುಂಬ ಉಣ್ಬ್ಯಾಡಿ ಅಂದವ್ರೆ" ಅಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ ಮಂಕೆ, ಸಕ್ರೆ ಕಾಯ್ಲೆಗೆ ಆಗ್ದಿರೋದು ಅನ್ನ ಕಣ್ಲಾ. ಮುದ್ದೆ ಉಣ್ಬೇಕು. ಮುದ್ದೇನೇ ಔಸ್ದಿ. ಮದ್ಲೇ ಯೋಳ್ಬಾರ್ದಾ?"

ಮಾರನೆಯ ದಿನ ಒಂದಿದ್ದ ಮುದ್ದೆ ಎರಡಾಯಿತು. ಮೆಂತ್ಯದ ಸೊಪ್ಪಿನ ಸಾರು, ಹಾಗಲಕಾಯಿ ಗೊಜ್ಜು. ಇಡೀ ಊರಿನ ಹೆಂಗಸರು ಡ್ರೈವರಪ್ಪನ ಸಕ್ಕರೆ ಕಾಯಿಲೆ ವಾಸಿ ಮಾಡಲು ಟೊಂಕ ಕಟ್ಟಿ ನಿಂತರು. "ಯಾವನ್ಲಾ ನಂಗೆ ಕಾಯ್ಲೆ ತಂದೋನು?" ಅಂತ ಅಣ್ಣ ನನ್ನ ಮುಖ ನೋಡಿದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಎರಡನೆಯ ಮುದ್ದೆ ಮುರಿಯುತ್ತಿದ್ದ ಅವರ ಕೈಯನ್ನೇ ನೋಡುತ್ತಾ ಕೂತೆ.

ಅದಾದ ಸ್ವಲ್ಪ ದಿನಕ್ಕೆ ಆಗಬೇಕಾದದ್ದು ಆಯಿತು. ಅವತ್ತು ಚಿನಕುರಳಿಯಲ್ಲಿ ಒಂದು ಮದುವೆಯ ಗುಂಪು ಹತ್ತಿತು. ಬಸ್ಸು ಕಿಕ್ಕಿರಿಯಿತು. ಎದುರಿಗೆ ಬಂದ ಬಸ್ಸಿನ ಕಂಡಕ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ, ಎರಡು ಬೆರಳಿನಿಂದ ತನ್ನ ಭುಜ ಮುಟ್ಟಿ ತೋರಿಸಿದ. ಮುಂದೆ ಚೆಕಿಂಗ್ ಇದೆ ಅಂತ ಅದರರ್ಥ. ಹಾಗಾಗಿ ನಾನು ಬಾನೆಟ್ಟು ಬಿಟ್ಟು ಹಿಂದಕ್ಕೆ ಹೋಗಿ ಟಿಕೆಟ್ ಹರಿಯಲೇಬೇಕಾಯಿತು. "ಅಣ್ಣ, ಎಚ್ಚರ" ಅಂದೆ. "ಓಗ್ಲಾ, ಓಗು" ಅಂದರು. ಕೈ ಟಿಕೆಟ್ ಹರಿಯುತ್ತಿತ್ತು, ಕಿವಿ ಹಾರನ್ನಿಗೆ ಕಾಯುತ್ತಿತ್ತು. ಬಸ್ಸು ಏರಿ ಹತ್ತಿದ್ದು ಗೊತ್ತಾಯಿತು. ಮೆಟ್ಟಿಲಿನ ಜಾಗ ಬಂತು. ಹಾರನ್ ಇಲ್ಲ.

ಮುಂದಕ್ಕೆ ನುಗ್ಗಲು ದಾರಿ ಇರಲಿಲ್ಲ, ಮದುವೆಯ ಹೆಂಗಸರು ನಡುವೆ ತುಂಬಿದ್ದರು. ಉಸಿರಿರುವಷ್ಟೂ ವಿಷಲ್ ಊದಿದೆ. ಬಸ್ಸು ಎಡಕ್ಕೆ ವಾಲಿತು. ಕಲ್ಲು ಸಿಡಿದ ಶಬ್ದ, ಬ್ರೇಕಿನ ಕಿರುಚಾಟ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಆಮೇಲೆ ಎಲ್ಲ ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದರೆ ನೆಲ ಕಾಣಲಿಲ್ಲ, ನೀರು ಕಂಡಿತು. ನೀರು ಬಿಟ್ಟ ಕಾಲ, ನಾಲೆ ಕೆಂಪಗೆ ಅಂಚಿನ ತನಕ ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಅಂಚಿಗೆ ನೆಟ್ಟಿದ್ದ ಕಲ್ಲುಕಂಬವೊಂದು ಮುರಿದು ಮುಂದಿನ ಗಾಲಿಗೆ ಅಡ್ಡ ಸಿಕ್ಕಿಕೊಂಡಿತ್ತು. ಅಷ್ಟೇ ನಮಗೂ ನೀರಿಗೂ ನಡುವೆ ಇದ್ದದ್ದು.

"ಒಬ್ಬೊಬ್ರೇ ಇಳೀರಿ, ಹಿಂದ್ಗಡೆ ಬಾಗ್ಲಲ್ಲಿ, ಯಾರೂ ಓಡ್ಬೇಡಿ" ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಎಲ್ಲರೂ ಇಳಿದರು. ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದರು. ಕೊನೆಗೆ ಅಣ್ಣನನ್ನು ಇಳಿಸಲು ಹೋದರೆ ಅವರ ಬೆರಳುಗಳು ಸ್ಟೀರಿಂಗಿಗೆ ಅಂಟಿಬಿಟ್ಟಿದ್ದವು. ಒಂದೊಂದಾಗಿ ಬಿಡಿಸಿದೆ. ಐಸು ಮುಟ್ಟಿದಂತೆ ತಣ್ಣಗಿದ್ದವು.

ಏರಿಯ ಮೇಲೆ ಕೂತವರು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪಿನ ಅಜ್ಜಿ ಬಂದು ಅವರೆದುರು ಕೂತಳು. "ಏನಾಯ್ತಪ್ಪ?"

"ನಿದ್ದೆ ಬಂತು ಕಣವ್ವ." ತಲೆ ಎತ್ತಲಿಲ್ಲ. "ಸಂಬ್ಳ ಸಾಲಲ್ಲ, ರಾತ್ರೆ ಇನ್ನೊಂದ್ ಬಸ್ಸು ಓಡುಸ್ತೀನಿ. ಅಸ್ಕಂಡಿದ್ರೆ ಎಂಗೋ ಕಣ್ ಬುಟ್ಕಂಡಿರ್ತೀನಿ. ನೀವು ಒಟ್ಟೆ ತುಂಬ ಇಕ್ತೀರ."

ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಸಿವನೇ. ಅಂಗಾರೆ ನಾವೇ ಕೊಲ್ತಿದ್ವಲ್ಲಪ್ಪ."

ಗಂಡಸರೆಲ್ಲ ಸೇರಿ ಹಗ್ಗ ಕಟ್ಟಿ, ದಾರಿಯಲ್ಲಿ ಬಂದ ಟ್ರಾಕ್ಟರಿಗೆ ಸಿಕ್ಕಿಸಿ ಬಸ್ಸನ್ನು ಹಿಂದಕ್ಕೆ ಎಳೆದರು. ಬಂಪರು ಸೊಟ್ಟಗಾಗಿತ್ತು, ಬೇರೇನೂ ಆಗಿರಲಿಲ್ಲ. ಆಮೇಲೆ ನಡೆದದ್ದು ನೋಡಿ ನನಗೆ ಇನ್ನೂ ದಿಗಿಲಾಯಿತು. ಜನರೆಲ್ಲ ಸದ್ದಿಲ್ಲದೆ ಬಸ್ಸು ಹತ್ತಿ ತಮ್ಮ ತಮ್ಮ ಸೀಟಿನಲ್ಲಿ ಕೂತರು. ಬೇರೆ ಬಸ್ಸು ಸಂಜೆಗೆ ಇದ್ದದ್ದು. "ಆಗಿದ್ದಾಯ್ತು, ನಡೀರಪ್ಪ. ಡಿಪೋಗೆ ನಾವ್ಯಾರೂ ಯೋಳಾಕಿಲ್ಲ" ಅಂದ ಹಾಲಿನ ಕ್ಯಾನಿನವನು, ದಿನಾ ಜಗಳ ಕಾಯುತ್ತಿದ್ದವನು. ಅಣ್ಣ ಮುಖ ತೊಳೆದು ಬಂದು ಸೀಟಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು. ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಉಂಟು. ಕಂಡಕ್ಟರು ರೈಟ್ ಅನ್ನದೆ ಡ್ರೈವರು ಗಾಡಿ ಎತ್ತಬಾರದು. ಎಲ್ಲರೂ ನನ್ನನ್ನೇ ಕಾಯುತ್ತಿದ್ದರು.

ನಾನು ರೈಟ್ ಅನ್ನಲಿಲ್ಲ.

"ಅನ್ಲಾ."

"ಅನ್ನಲ್ಲ ಅಣ್ಣ. ಒಂದ್ ಗಂಟೆ ಹಿಂದಿನ ಸೀಟಲ್ಲಿ ಮಲಿಕ್ಕಳಿ. ಇವತ್ತಿಂದ ನಾಗಮಂಗಲದ ಬಸ್ಸು ಅತ್ತಲ್ಲ ಅನ್ನಿ. ಆಮೇಲೆ ಅಂತೀನಿ."

ಅವರು ತಿರುಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. "ನನ್ ಮಗಳ ಪೀಜು ನೀನ್ ಕಟ್ತೀಯೇನ್ಲಾ?"

"ನನ್ ಕೈಲಾಗಲ್ಲ. ಇವ್ರುನ್ನೆಲ್ಲ ನೀರಿಗಾಕೋದೂ ನನ್ ಕೈಲಾಗಲ್ಲ." ಬಸ್ಸೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದ್ದೆ. ಅವರ ಮೇಲಿನ ಸಿಟ್ಟಿಗೋ, ಭಯಕ್ಕೋ, ಆ ಸಂಬಳ ಅನ್ನುವ ದರಿದ್ರದ ಮೇಲಿನ ಸಿಟ್ಟಿಗೋ.

ಇಂಜಿನ್ ನಿಂತಿತು. ಅವರು ಯಾರ ಮುಖವನ್ನೂ ನೋಡದೆ ಹಿಂದೆ ಹೋಗಿ ಉದ್ದನೆಯ ಸೀಟಿನ ಮೇಲೆ ಮೈ ಚಾಚಿದರು. ತಲೆ ಇಡುವುದೇ ತಡ, ಗೊರಕೆ. ಮದುವೆಗೆ ಹೊರಟಿದ್ದ ಆ ಜನ, ಮಾರುಕಟ್ಟೆಗೆ ಹೊರಟಿದ್ದ ಆ ಜನ ಮತ್ತೆ ಒಬ್ಬೊಬ್ಬರಾಗಿ ಇಳಿದು ಏರಿಯ ಮೇಲೆ ಕೂತರು. ಮಗುವೊಂದು ಅಳಲು ಶುರುಮಾಡಿದರೆ ತಾಯಿ ಅದನ್ನೆತ್ತಿಕೊಂಡು ದೂರ ಹೋದಳು. ಅಜ್ಜಿಯ ಸೊಪ್ಪು ಬಾಡುತ್ತಿತ್ತು, ಅವಳು ನಾಲೆಯ ನೀರು ಚಿಮುಕಿಸುತ್ತಾ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಜೀಪಿನ ಸದ್ದು ಕೇಳಿಸಿತು. ಚೆಕಿಂಗ್‌ನವರೇ ಅಂತ ನಾನು ಟಿಕೆಟ್ ಚೀಲ ಹಿಡಿದು ಎದ್ದು ನಿಂತೆ. ಅದು ಯಾರದೋ ಜೀಪು. ನಮ್ಮನ್ನೂ ಮುರಿದ ಕಲ್ಲನ್ನೂ ನೋಡಿಕೊಂಡು ನಿಲ್ಲಿಸದೆ ಹೋಯಿತು.

ಅಣ್ಣ ಎದ್ದು ಬಂದು ಸೀಟಿನಲ್ಲಿ ಕೂತಾಗ ರೈಟ್ ಅಂದೆ, ಬಸ್ಸು ಓಡಿಸಿದರು. ಪಾಂಡವಪುರದಲ್ಲಿ ಇಳಿದಾಗ, "ಆಗ್ಲಿ ಬುಡು, ಅತ್ತಲ್ಲ" ಅಂದರು. ಮಾತಿಗೆ ತಪ್ಪುವ ಮನುಷ್ಯನಲ್ಲ. ಅವತ್ತಿನಿಂದ ಸಂಜೆ ಡ್ಯೂಟಿ ಮುಗಿಸಿ ನೇರ ಮನೆಗೆ. ವಾರದ ರಜೆಯನ್ನೂ ತೆಗೆದುಕೊಂಡರು. ಹಳ್ಳಿಯ ಹೆಂಗಸರು ಮುದ್ದೆ ನಿಲ್ಲಿಸಿ ಹುರಿಗಾಳು ತಂದುಕೊಡುತ್ತಿದ್ದರು, ಹಲ್ಲಿಗೆ ಕೆಲಸವಿದ್ದರೆ ಕಣ್ಣು ಮುಚ್ಚುವುದಿಲ್ಲ ಅಂತ. ಮೆಟ್ಟಿಲಿನ ಹತ್ತಿರ ಹಾರನ್ ಎರಡು ಸಲ ಕೇಳತೊಡಗಿತು. ನಾನು ಬಾನೆಟ್ಟು ಬಿಟ್ಟೆ. ಮನೆಯಲ್ಲಿ ಅನ್ನ ಸೇರತೊಡಗಿತು. ಹೆಂಡತಿ, "ಮುಖಕ್ಕೆ ಕಳೆ ಬಂತು" ಅಂದಳು.

ಹೀಗೇ ಕೆಲವು ತಿಂಗಳು ಕಳೆಯಿತು. ಒಂದು ದಿನ ಬೆಳಗಿನ ಟ್ರಿಪ್ಪಿನಲ್ಲಿ ಪಾಂಡವಪುರದಲ್ಲಿ ಹತ್ತು ಹದಿನೈದು ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದುಕೊಂಡು ಹತ್ತಿದರು. ಮೈಸೂರಿನ ಊದಿನಕಡ್ಡಿ ಕಾರ್ಖಾನೆಗೆ ಹೋಗುವವರು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸುತ್ತಿದ್ದರು. ಅವರ ನಡುವೆ ಅಣ್ಣನ ದೊಡ್ಡ ಮಗಳೂ ಇದ್ದಳು. ನಡುವೆ ಅವಳನ್ನು ಕಾಣದೆ, ಕಾಲೇಜಿಗೆ ರಜೆ ಇರಬೇಕು ಅಂದುಕೊಂಡಿದ್ದೆ. "ಏನಮ್ಮ, ಕಾಲೇಜು ಶುರುವಾಯ್ತಾ? ಪಾಸ್ ಹೊಸದು ಮಾಡಿಸ್ದ್ಯಾ?" ಅಂದೆ.

"ಪಾಸ್ ಇಲ್ಲ ಅಣ್ಣ. ಟಿಕೆಟ್ ಕೊಡಿ."

ನಾನು ಟಿಕೆಟ್ ಕೊಡಲಿಲ್ಲ. ಅವಳೇ ದುಡ್ಡನ್ನು ಕೈಗಿಟ್ಟು, ತಾನೇ ನನಗೆ ಸಮಾಧಾನ ಹೇಳುವವಳಂತೆ, "ತಂಗಿಯಾದ್ರೂ ಓದ್ಲಿ ಬಿಡಿ" ಅಂದಳು. ಮುಂದೆ ಕನ್ನಡಿಯಲ್ಲಿ ಅಣ್ಣನ ಕಣ್ಣು ಒಂದು ಸಲ ಇತ್ತ ನೋಡಿ ರಸ್ತೆಗೆ ತಿರುಗಿತು.

ಅವತ್ತು ಸಂಜೆ ಡ್ಯೂಟಿ ಮುಗಿದ ಮೇಲೆ ಸ್ಟ್ಯಾಂಡಿನ ಕಟ್ಟೆಯಲ್ಲಿ ಅವರ ಪಕ್ಕ ಕೂತೆ. ಏನು ಕೇಳಲಿ? ಬಾಯಿಗೆ ಬಂದದ್ದು ಕೇಳಿದೆ. "ಮನೇಲಿ ನಿದ್ದೆಯಾದ್ರೂ ಚೆನ್ನಾಗಾಯ್ತದಾ ಅಣ್ಣ?"

ಅವರು ಹಿಂದಿನಂತೆ ಬೈಯಲಿಲ್ಲ, ಕೋಪವೂ ಇರಲಿಲ್ಲ. ಮೆಲ್ಲಗೆ ಹೇಳಿದರು. "ಮಲಗೋಕೆ ಬೇಕಾದಷ್ಟು ಟೈಮೈತೆ ಕಣ್ಲಾ. ಕಣ್ ಮುಚ್ಚುದ್ರೆ ಅವ್ಳು ಪುಸ್ತಕಾನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎತ್ತಿದ್ದೇ ಕಾಣ್ತದೆ. ಕೋಳಿ ಕೂಗೋಗಂಟ ಎದ್ದೇ ಇರ್ತೀನಿ. ನಿದ್ದೆ ಅನ್ನೋದೇ ಬರಲ್ಲ."

"ಯಾವತ್ತಿಂದ ಅಣ್ಣ?"

"ಅವ್ಳು ಕಾಲೇಜ್ ಬುಟ್ ದಿನದಿಂದ. ಎಲ್ಡ್ ತಿಂಗ್ಳಾಯ್ತು."

ಅವರು ನಿದ್ದೆಗೆಟ್ಟು ಗಾಡಿ ಓಡಿಸಿದ ಆ ಎರಡು ತಿಂಗಳೂ ಮಧ್ಯಾಹ್ನದ ಟ್ರಿಪ್ಪಿನಲ್ಲಿ, ತುಂಬಿ ಹರಿಯುತ್ತಿದ್ದ ನಾಲೆಯ ಪಕ್ಕದಲ್ಲಿ, ನಾನು ನಿಶ್ಚಿಂತೆಯಿಂದ ಹಿಂದಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿದಿದ್ದೆ.